ಒಂದು ದಿನದ ಪರವಾನಗಿಯ ದೈತ್ಯರು

ಟೋಕಿಯೊ ಪಕ್ಕದ ಚೀಬಾದಲ್ಲಿರುವ ಮಕುಹಾರಿ ಮೆಸ್ಸೆ ಸಭಾಂಗಣಕ್ಕೆ ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡೆಲ್ ಹುಚ್ಚಿನವರು ಮುತ್ತಿಗೆ ಹಾಕುತ್ತಾರೆ. ಅದು ವಂಡರ್ ಫೆಸ್ಟಿವಲ್. ಬಂದವರು ದೊಡ್ಡ ಕಂಪನಿಗಳ ಮಳಿಗೆಗಳ ಮುಂದೆ ಸಾಲುಗಟ್ಟುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ಮಿನುಗುವ ಆ ಗೊಂಬೆಗಳು ಹೇಗಿದ್ದರೂ ಮುಂದೆ ಅಂಗಡಿಗೆ ಬರುವಂಥವು, ಮಧ್ಯಾಹ್ನ ನೋಡಿದರಾಯಿತು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದೊಡನೆ ಹೋಗಬೇಕಾದ್ದು ಹವ್ಯಾಸಿಗಳ ಮೇಜುಗಳ ಕಡೆಗೆ.

ಒಸಾಕಾದ ಜನರಲ್ ಪ್ರಾಡಕ್ಟ್ಸ್ ಎಂಬ ವಿಜ್ಞಾನ ಕಥೆಯ ಸಾಮಾನಿನ ಅಂಗಡಿಯವರು 1985ರಲ್ಲಿ ಶುರು ಮಾಡಿದ ಈ ಮೇಳವನ್ನು 1992ರಿಂದ ಕೈಯೋಡೋ ಸಂಸ್ಥೆ ನಡೆಸುತ್ತಿದೆ. ಇದರ ಜೀವಾಳ ಒಂದು ವಿಚಿತ್ರ ಏರ್ಪಾಟು. ಗಾಡ್ಜಿಲ್ಲಾದಂಥ ಸಿನಿಮಾ ದೈತ್ಯನ ಪಾತ್ರ ಯಾರದೋ ಸ್ವತ್ತು. ಮನೆಯಲ್ಲಿ ಕೆತ್ತಿ ಮಾರಿದರೆ ಕಾನೂನಿನ ತಕರಾರು. ಇಲ್ಲಿ ಹಾಗಲ್ಲ. ಹವ್ಯಾಸಿಗಳ ಅರ್ಜಿಗಳನ್ನು ಸಂಘಟಕರೇ ಹಕ್ಕುದಾರರಿಗೆ ತಲುಪಿಸುತ್ತಾರೆ, ಒಪ್ಪಿಗೆ ಸಿಕ್ಕರೆ ಆ ಒಂದು ದಿನ, ಆ ಸಭಾಂಗಣದೊಳಗೆ ಮಾತ್ರ ಮಾರಬಹುದು. ಸಂಜೆ ಐದಾದ ಮೇಲೆ ಉಳಿದ ಪೆಟ್ಟಿಗೆ ಉಳಿದಂತೆಯೇ. ಮುಂದಿನ ಮೇಳಕ್ಕೆ ಮತ್ತೆ ಅರ್ಜಿ.

ಸರಕೂ ಕಡಿಮೆ. ಕೆತ್ತಿದ ಮೂಲದ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು, ಅದರೊಳಗೆ ಪಾಲಿಯುರೆಥೇನ್ ರೆಸಿನ್ ಎರೆಯುತ್ತಾರೆ. ಕೆಲವು ಡಜನ್ ಎರಕಕ್ಕೆಲ್ಲ ಅಚ್ಚು ಸವೆದು ಹರಿಯುತ್ತದೆ. ಕಾರ್ಖಾನೆಯ ಉಕ್ಕಿನ ಅಚ್ಚು ಒಳಬಾಗಿದ ಕೊರಕಲುಗಳಿಗೆ ಹೆದರುತ್ತದೆ. ಬಾಗುವ ರಬ್ಬರಿಗೆ ಆ ಭಯವಿಲ್ಲದ್ದರಿಂದ ಚರ್ಮದ ಮಡಿಕೆ, ಹಲ್ಲಿನ ಸಂದು ಎಲ್ಲವೂ ಹಾಗೇ ಇಳಿದು ಬರುತ್ತವೆ.

ದೈತ್ಯರ ಮೇಜಿನ ಮುಂದೆ ನಿಂತರೆ ನಾನು ಮೊದಲು ನೋಡುವುದು ಮುಖವನ್ನಲ್ಲ, ಪಾದವನ್ನು. 1954ರ ಮೊದಲ ಗಾಡ್ಜಿಲ್ಲಾಗೆ ಕಾಲಿಗೆ ನಾಲ್ಕು ಬೆರಳು, ತಲೆಯ ಇಕ್ಕೆಲದಲ್ಲಿ ಪುಟ್ಟ ಕಿವಿ. ಕಿಂಗ್ ಕಾಂಗ್ ಜೊತೆ ಸೆಣಸಿದ 1962ರ ವೇಷದಲ್ಲಿ ಬೆರಳು ಮೂರಾಗಿವೆ, ಕಿವಿ ಮಾಯ, ಮೈ ದಪ್ಪ. 1964ರಲ್ಲಿ ದೈತ್ಯ ಪತಂಗ ಮೋತ್ರಾ ವಿರುದ್ಧ ಬಂದದ್ದರ ಹುಬ್ಬು ಗಂಟಿಕ್ಕಿದೆ, ನಡೆದರೆ ಮೇಲ್ದುಟಿ ಅದುರುತ್ತದೆ. ಹವ್ಯಾಸಿಗಳು ಕೆತ್ತುವುದು ಬರೀ ಗಾಡ್ಜಿಲ್ಲಾವನ್ನಲ್ಲ, ಇಂಥ ವರ್ಷದ ಇಂಥ ರಬ್ಬರ್ ವೇಷವನ್ನು. ಅದುರುವ ತುಟಿಯನ್ನು ಅಲುಗದ ರೆಸಿನ್‌ನಲ್ಲಿ ತರುವುದು ಹೇಗೆಂದು ವಾದ ಮಾಡುವವರ ನಡುವೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬಿಡಿ ಭಾಗಗಳನ್ನು ಕೊಂಡು ತಾವೇ ಜೋಡಿಸಿ ಬಣ್ಣ ಹಚ್ಚುವವರಿಗೆ ಎರಡು ಮಾತು. ರೆಸಿನ್‌ಗೆ ಪ್ಲಾಸ್ಟಿಕ್ ಕಿಟ್‌ನ ಅಂಟು ಹಿಡಿಯದು. ಫೆವಿಕ್ವಿಕ್ ಜಾತಿಯದ್ದು ಬೇಕು, ಭಾರದ ಕೀಲುಗಳಿಗೆ ಒಳಗೆ ಹಿತ್ತಾಳೆ ತಂತಿ. ಬಣ್ಣಕ್ಕೆ ಮುಂಚೆ ಸೋಪಿನ ನೀರಲ್ಲಿ ತೊಳೆಯದಿದ್ದರೆ ಅಚ್ಚಿನ ಎಣ್ಣೆಯ ಮೇಲೆ ಪ್ರೈಮರ್ ನಿಲ್ಲುವುದಿಲ್ಲ. ಉಪ್ಪುಕಾಗದ ಉಜ್ಜುವಾಗ ಮಾಸ್ಕ್ ಕಡ್ಡಾಯ, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಲ ಸೊಟ್ಟಗಿದ್ದರೆ ಚಿಂತೆಯಿಲ್ಲ, ಬಿಸಿನೀರಲ್ಲಿ ಅದ್ದಿ ನೇರ ಮಾಡಬಹುದು. ಮೂತಿಯ ಮೇಲೆ ಗಾಳಿಗುಳ್ಳೆ ಕಂಡರೆ ಮಾತ್ರ ನಮಸ್ಕಾರ ಹೇಳಿ ಮುಂದಿನ ಮೇಜಿಗೆ ನಡೆಯಿರಿ.