ಸಾಗಿಸಿದ್ದಕ್ಕೆ 360, ಸಂಸ್ಕರಿಸಿದ್ದಕ್ಕೆ 180

ದೇಶದ ಅತ್ಯಂತ ಸ್ವಚ್ಛ ನಗರ ಎಂಬ ಪಟ್ಟ ಮೈಸೂರಿಗೆ ಮೊದಲು ಸಿಕ್ಕಿದ್ದು 2015ರ ಆಗಸ್ಟ್‌ನಲ್ಲಿ, 476 ನಗರಗಳ ಪಟ್ಟಿಯಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ‘ಸ್ವಚ್ಛ ಸರ್ವೇಕ್ಷಣ’ದಲ್ಲಿ 73 ನಗರಗಳ ಪೈಕಿ ಮತ್ತೆ ಅದೇ ಮೊದಲು. ಅಲ್ಲಿಂದೀಚೆಗೆ ಕರ್ನಾಟಕದಲ್ಲಿ ಕಸದ ಮಾತು ಎದ್ದಲ್ಲೆಲ್ಲ ಮೈಸೂರು ಮಾದರಿಯ ಹೆಸರು ಬರುತ್ತದೆ. 2017ರಲ್ಲಿ ಇಂದೋರ್ ಮೊದಲಾಗಿ ಮೈಸೂರು ಐದನೆಯದಾಯಿತು. 2019ರಲ್ಲಿ ಮತ್ತೆ ಮೂರಕ್ಕೇರಿತು. ಪತ್ರಿಕೆಗಳು ಈ ಏರಿಳಿತವನ್ನು ಪರೀಕ್ಷೆಯ ಫಲಿತಾಂಶದಷ್ಟೇ ಆಸ್ಥೆಯಿಂದ ವರದಿ ಮಾಡಿದವು. ಪ್ರಶ್ನೆಪತ್ರಿಕೆಯಲ್ಲಿ ಏನಿತ್ತು ಎಂದು ತೆರೆದು ನೋಡಿದವರು ಕಡಿಮೆ.

ತೆರೆದು ನೋಡಿದರೆ ಈ ಸರ್ವೇಕ್ಷಣದ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂದೇ ಹೇಳಬೇಕಾಗುತ್ತದೆ. ಅದು ನಗರದ ರಸ್ತೆಯನ್ನು ಅಳೆಯುತ್ತದೆ. ರಸ್ತೆಯಿಂದ ಎತ್ತಿದ ಕಸ ಕೊನೆಗೆ ಏನಾಯಿತು ಎಂಬುದನ್ನು ಅರೆಮನಸ್ಸಿನಿಂದ ಕೇಳುತ್ತದೆ. ದೊಡ್ಡ ನಗರಗಳಿಗಿಂತ ಹೆಚ್ಚಾಗಿ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿಯಂಥ ಸಣ್ಣ ಊರುಗಳಿಗೆ ಈ ಅಳತೆಗೋಲು ದಾರಿ ತಪ್ಪಿಸುತ್ತದೆ. ಏಕೆಂದರೆ ಈ ಊರುಗಳಿಗೆ ಕಸದ ಸಮಸ್ಯೆಯ ಉತ್ತರ ನಾಲ್ಕು ಹೆಜ್ಜೆ ಆಚೆಗಿನ ಹೊಲದಲ್ಲೇ ಇದೆ, ಆ ಹೊಲಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ.

2017ರ ಅಂಕಗಳ ಹಂಚಿಕೆಯನ್ನು ಸಾವಧಾನವಾಗಿ ಓದಬೇಕು. ಆ ವರ್ಷ 434 ನಗರಗಳು ಸ್ಪರ್ಧೆಯಲ್ಲಿದ್ದವು. ಒಟ್ಟು 2,000 ಅಂಕ. ಅದರಲ್ಲಿ 900 ಸ್ಥಳೀಯ ಸಂಸ್ಥೆಗಳು ತಾವೇ ಸಲ್ಲಿಸುವ ದಾಖಲೆಗಳಿಗೆ, 500 ಸ್ಥಳಕ್ಕೆ ಬಂದು ನೋಡುವ ಪರಿವೀಕ್ಷಣೆಗೆ, 600 ನಾಗರಿಕರ ಅಭಿಪ್ರಾಯಕ್ಕೆ. ದಾಖಲೆಗಳ 900ನ್ನು ಮತ್ತೆ ಒಡೆದರೆ, ಗುಡಿಸುವುದು, ಮನೆಮನೆಯಿಂದ ಎತ್ತುವುದು, ಸಾಗಿಸುವುದು ಈ ಮೂರಕ್ಕೆ ಶೇ 40, ಅಂದರೆ 360. ಸಂಸ್ಕರಣೆ ಮತ್ತು ವಿಲೇವಾರಿಗೆ ಶೇ 20, ಅಂದರೆ 180. ಉಳಿದದ್ದು ಶೌಚಾಲಯಗಳಿಗೆ ಹಾಗೂ ಪ್ರಚಾರ, ತರಬೇತಿಗಳಿಗೆ.

360 ಮತ್ತು 180. ಈ ಎರಡು ಸಂಖ್ಯೆಗಳ ನಡುವೆ ಇಡೀ ನೀತಿಯೇ ಅಡಗಿದೆ. ಒಬ್ಬ ಮುಖ್ಯಾಧಿಕಾರಿಯ ಕೈಯಲ್ಲಿ ಅಷ್ಟಿಷ್ಟು ಹಣವಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಇನ್ನೆರಡು ಟಿಪ್ಪರ್ ಕೊಂಡರೆ ಸಾಗಣೆಯ ಅಂಕ ಏರುತ್ತದೆ, ಬೀದಿ ಚೊಕ್ಕಟವಾಗಿ ಪರಿವೀಕ್ಷಕರ ಕಣ್ಣಿಗೂ ಬೀಳುತ್ತದೆ, ಜನರೂ ಚೆನ್ನಾಗಿದೆ ಎನ್ನುತ್ತಾರೆ. ಅದೇ ಹಣದಲ್ಲಿ ಗೊಬ್ಬರದ ಅಂಗಳಕ್ಕೆ ಚಾವಣಿ ಹಾಕಿಸಿ, ಜರಡಿ ತರಿಸಿ, ವಿಂಗಡಿಸುವ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ ಖಾತರಿ ಮಾಡಿದರೆ ಅಂಕ ಬರುವುದು ಸಣ್ಣ ಪಾಲಿನಿಂದ ಮಾತ್ರ. ಟಿಪ್ಪರ್ ಮೂರು ಕಡೆ ಅಂಕ ತರುತ್ತದೆ, ಜರಡಿ ಒಂದೇ ಕಡೆ. ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಪಟ್ಟಿ ಅವನನ್ನು ಟಿಪ್ಪರ್ ಕಡೆಗೇ ದೂಡುತ್ತದೆ. ಅಂಗಳ ಗುಡಿಸಿ ಹಿತ್ತಲಿಗೆ ತಳ್ಳಿದವರ ಮನೆಯನ್ನು ಬಾಗಿಲಲ್ಲಿ ನಿಂತು ಮೆಚ್ಚಿದ ಹಾಗಾಯಿತು.

600 ಅಂಕದ ನಾಗರಿಕರ ಅಭಿಪ್ರಾಯದಲ್ಲಿ ಇನ್ನೂ ಆಳವಾದ ತಪ್ಪಿದೆ. ಉತ್ತರ ಕೊಡುವವರು ಊರಿನ ನಿವಾಸಿಗಳು. ಕಸ ಹೋಗಿ ಬೀಳುವುದು ಬಹಳ ಸಲ ಊರಿನ ಗಡಿಯಾಚೆ, ಯಾವುದೋ ಗ್ರಾಮ ಪಂಚಾಯಿತಿಯ ನೆಲದಲ್ಲಿ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರು ಎರಡೂ ಹಳ್ಳಿಗಳೇ. ಮಾವಳ್ಳಿಪುರದ ಕಸದ ತಾಣ 2012ರಲ್ಲಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳು ಕಸದಿಂದ ತುಂಬಿದವು. ಮಂಡೂರಿನವರು ರಸ್ತೆಗಿಳಿದು ಹೋರಾಡಿ 2014ರ ಡಿಸೆಂಬರ್‌ನಿಂದ ಲಾರಿಗಳು ಬಾರದಂತೆ ಮಾಡಿಕೊಂಡರು. ಇಂಥ ಹಳ್ಳಿಯ ಹೆಂಗಸು ತನ್ನ ಬಾವಿಯ ನೀರು ಏನಾಯಿತು ಎಂದು ಹೇಳಲು ಸರ್ವೇಕ್ಷಣದಲ್ಲಿ ಕಾಲಂ ಇಲ್ಲ. ಅವಳು ಆ ನಗರದ ನಾಗರಿಕಳಲ್ಲ.

ನಂತರದ ವರ್ಷಗಳಲ್ಲಿ ತಿದ್ದುಪಡಿಗಳಾದವು ಎಂಬುದನ್ನು ಒಪ್ಪಬೇಕು. 2018ರಲ್ಲಿ ಸರ್ವೇಕ್ಷಣ 4,203 ಊರುಗಳಿಗೆ ಹಬ್ಬಿ, ಲಕ್ಷ ಜನಸಂಖ್ಯೆ ದಾಟದ ಪಟ್ಟಣಗಳೂ ಒಳಗೆ ಬಂದವು. ಕಸಮುಕ್ತ ನಗರಗಳಿಗೆ ನಕ್ಷತ್ರ ಶ್ರೇಣಿ ಬಂತು. ಆದರೆ 2020ರ ಮೇ ತಿಂಗಳಲ್ಲಿ ಮೈಸೂರಿಗೆ ಐದು ನಕ್ಷತ್ರ ಸಿಕ್ಕಾಗಲೂ ವಿದ್ಯಾರಣ್ಯಪುರಂನ ಸೀವೇಜ್ ಫಾರಂ ಬಳಿ ಲಕ್ಷಗಟ್ಟಲೆ ಟನ್ ಹಳೆಯ ಕಸ ಗುಡ್ಡವಾಗಿ ಬಿದ್ದೇ ಇತ್ತು. ಸುತ್ತಲಿನ ಬಡಾವಣೆಗಳ ಜನ ದುರ್ವಾಸನೆಯ ವಿರುದ್ಧ ವರ್ಷಗಳಿಂದ ದನಿ ಎತ್ತುತ್ತಲೇ ಇದ್ದರು. ನಕ್ಷತ್ರ ಮತ್ತು ಗುಡ್ಡ ಒಂದೇ ನಗರದಲ್ಲಿ ಒಟ್ಟಿಗೆ ಇರಲು ಸಾಧ್ಯವಾಗಿದ್ದರೆ ಆ ನಕ್ಷತ್ರಕ್ಕೆ ಬೆಲೆ ಎಷ್ಟು?

2017ರಿಂದ ಹಲವು ವರ್ಷ ಮೊದಲ ಸ್ಥಾನ ಪಡೆದ ಇಂದೋರ್‌ನ ಹೆಸರಿಗೆ ಇನ್ನೊಂದು ಹಳೆಯ ಗೌರವವಿದೆ, ಸರ್ವೇಕ್ಷಣದ ಚರ್ಚೆಗಳಲ್ಲಿ ಅದನ್ನು ಯಾರೂ ನೆನೆಯುವುದಿಲ್ಲ. 1924ರಿಂದ 1931ರವರೆಗೆ ಅಲ್ಲಿ ಕೆಲಸ ಮಾಡಿದ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಕಸಕಡ್ಡಿ, ಸಗಣಿಗಳನ್ನು ಪದರ ಪದರವಾಗಿ ಒಟ್ಟಿ, ಆಗಾಗ ಮಗುಚಿ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಅದು ಇಂದೋರ್ ಪದ್ಧತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರ ಹೊತ್ತಿಗೆ ಪಟ್ಟಣದ ಕಸಕ್ಕೆಂದೇ ಇನ್ನೊಂದು ಕ್ರಮ ಕಟ್ಟಿದರು. ಗುಂಡಿ ತೋಡಿ, ಕಸ ಮತ್ತು ಮಲವನ್ನು ಒಂದರ ಮೇಲೊಂದು ಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಆರೆಂಟು ತಿಂಗಳು ಬಿಡುವುದು. ಮಗುಚುವ ಕೆಲಸವಿಲ್ಲ. ಇದಕ್ಕೆ ಬೆಂಗಳೂರು ಪದ್ಧತಿ ಎಂಬ ಹೆಸರು ಉಳಿಯಿತು, ಕೃಷಿ ಪಠ್ಯಗಳಲ್ಲಿ ಇವತ್ತಿಗೂ ಇದೆ. ಇಬ್ಬರಿಗೂ ಪಟ್ಟಣದ ಕಸವೆಂದರೆ ಹೊಲಕ್ಕೆ ವಾಪಸು ಹೋಗಬೇಕಾದ ಸಾರ.

ಆ ಕಾಲವನ್ನು ಸುವರ್ಣಯುಗವೆಂದು ಹಾಡಬೇಕಿಲ್ಲ. ಬೆಂಗಳೂರು ಪದ್ಧತಿಗೆ ಬೇಕಾದ ಮಲವನ್ನು ಹೊತ್ತು ತಂದವರು ಒಂದು ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟ ಜನ. ಅದನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಬೇಕಾಯಿತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕನ್ನು ಕಂಡು ವರದಿ ಕೊಟ್ಟಿತು, 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಸರ್ಕಾರ ಮುಂದೆ ಅದನ್ನು 700ಕ್ಕೆ ಒಬ್ಬ ಎಂದು ಸಡಿಲಿಸಿಕೊಂಡಿತು. ಕಸದ ಯಾವ ಸುಧಾರಣೆಯೂ ಈ ಕೈಗಳ ಲೆಕ್ಕದಿಂದಲೇ ಶುರುವಾಗಬೇಕು.

ಇನ್ನು ಹೊಲದ ಲೆಕ್ಕ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟ್‌ನಲ್ಲಿ ಸಾರಜನಕ ಕನಿಷ್ಠ ಶೇ 0.8, ಸಾವಯವ ಇಂಗಾಲ ಕನಿಷ್ಠ ಶೇ 12 ಇರಬೇಕು, ಸೀಸ ಕೆ.ಜಿ.ಗೆ 100 ಮಿಲಿಗ್ರಾಂ ಮೀರಬಾರದು. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಸಿಗುತ್ತದೆ, ಬೆಲೆ 300 ರೂಪಾಯಿಯೊಳಗೆ. ಅಷ್ಟೇ ಸಾರಜನಕ ಕಾಂಪೋಸ್ಟ್‌ನಿಂದ ಬೇಕೆಂದರೆ ಎರಡೂವರೆ ಟನ್ ಹೇರಬೇಕು. ಸಾರಜನಕಕ್ಕಾಗಿ ಯಾವ ರೈತನೂ ಕಾಂಪೋಸ್ಟ್ ಕೊಳ್ಳುವುದಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವು ಘೋಷಿಸಿತು. ಆ ನೆರವಿನಿಂದಲೂ ಈ ಅಂತರ ಮುಚ್ಚುವಂತಿರಲಿಲ್ಲ.

ರೈತನಿಗೆ ಬೇಕಿರುವುದು ಇಂಗಾಲ, ಮಳೆ ಕೈಕೊಟ್ಟಾಗ ತೇವ ಹಿಡಿದಿಡುವ ಮಣ್ಣು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿಯ ಮಳೆಯಾಶ್ರಿತ ಮೆಕ್ಕೆಜೋಳದ ಹೊಲಕ್ಕೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಮುಂಗಾರಿಗೆ ಮುಂಚೆ ತಿಪ್ಪೆ ಗೊಬ್ಬರ ಹೊಡೆಯುವುದು, ಕೈಲಾದವರು ಹಣ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸುವುದು ಇಲ್ಲಿನ ರೂಢಿ. ದನ ಕಡಿಮೆಯಾದಂತೆ ತಿಪ್ಪೆಯೂ ಸೊರಗಿದೆ. ಹಾಗಿದ್ದೂ ಪಟ್ಟಣದ ಗೊಬ್ಬರವನ್ನು ರೈತ ನಂಬದಿರಲು ಕಾರಣ ಒಂದೇ: ಬೆರೆತ ಕಸದಿಂದ ಬಂದ ಗೊಬ್ಬರದಲ್ಲಿ ಗಾಜಿನ ಚೂರು, ಬ್ಲೇಡು, ಸೂಜಿ, ಹಾಲಿನ ಪೊಟ್ಟಣದ ತುಣುಕು ಇರುತ್ತವೆ. ಕಳೆ ತೆಗೆಯುವ ಹೆಣ್ಣುಮಕ್ಕಳ ಅಂಗಾಲಿಗೆ ಗಾಜು ಚುಚ್ಚುತ್ತದೆ, ಎಡೆ ಹೊಡೆಯುವಾಗ ಕುಂಟೆಗೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ. ಒಮ್ಮೆ ಹೀಗಾದ ಹೊಲಕ್ಕೆ ಎರಡನೇ ಸಲ ಆ ಗೊಬ್ಬರ ಹೋಗುವುದಿಲ್ಲ. ಮನೆಬಾಗಿಲಲ್ಲಿ ಹಸಿ ಕಸ, ಒಣ ಕಸ ಬೇರೆಯಾಗುವುದು ಇಷ್ಟು ಮುಖ್ಯವಾಗುವುದು ಈ ಕಾರಣಕ್ಕೆ.

ಇಲ್ಲಿ ಎರಡು ಬಗೆಯ ವಿಮರ್ಶಕರೊಂದಿಗೆ ಜಗಳ ಅನಿವಾರ್ಯ.

ಮೊದಲನೆಯವರು ಎಲ್ಲಕ್ಕೂ ಜನರಲ್ಲಿ ನಾಗರಿಕ ಪ್ರಜ್ಞೆ ಇಲ್ಲದಿರುವುದೇ ಕಾರಣ ಎನ್ನುವವರು. ಸಂಪಾದಕೀಯಗಳಲ್ಲಿ, ಭಾಷಣಗಳಲ್ಲಿ ಈ ವಾದಕ್ಕೆ ದೊಡ್ಡ ಮರ್ಯಾದೆ. ವಾಸ್ತವ ಬೇರೆ. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಕ್ರಮವನ್ನು ಕಡ್ಡಾಯಗೊಳಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಇದು ಮೊದಲು ರೂಪುಗೊಂಡದ್ದು ಅಧಿಕಾರಿಗಳ ಕೋಣೆಯಲ್ಲಲ್ಲ, ನಿವಾಸಿಗಳ ಗುಂಪುಗಳು ತಮ್ಮ ಬಡಾವಣೆಗಳಲ್ಲಿ ಮಾಡಿ ನೋಡಿದ್ದು. ದೇಶದ ಕಸದ ಕಾನೂನಿಗೇ ಮೂಲವಾದದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ. ಅದರಿಂದ 2000ದ ನಿಯಮಗಳು ಬಂದವು, 2016ರಲ್ಲಿ ಅವು ಹೊಸದಾದವು. ಜನ ಹಿಂದೆ ಬಿದ್ದಿರಲಿಲ್ಲ. ಮನೆಯಲ್ಲಿ ಎರಡು ಬುಟ್ಟಿ ಇಟ್ಟವಳು ತನ್ನ ಕಣ್ಣೆದುರೇ ಎರಡನ್ನೂ ಒಂದೇ ಡಬ್ಬಕ್ಕೆ ಸುರಿಯುವ ಗಾಡಿಯನ್ನು ನಾಲ್ಕು ದಿನ ನೋಡಿದರೆ ಐದನೇ ದಿನ ಒಂದೇ ಬುಟ್ಟಿಗೆ ಹಾಕುತ್ತಾಳೆ. ಪ್ರಜ್ಞೆಯ ಕೊರತೆ ಅವಳದಲ್ಲ, ಗಾಡಿಯಲ್ಲಿ ತಡೆಗೋಡೆ ಹಾಕಿಸದವರದು. ದೋಷವನ್ನು ಜನರ ಮೇಲೆ ಹೊರಿಸುವ ವಿಮರ್ಶೆ ಆಡಳಿತಕ್ಕೆ ಒಳ್ಳೆಯ ರಕ್ಷಣೆಯಾಗಿದೆ.

ಎರಡನೆಯವರು ಕಸ ಸುಟ್ಟು ಕರೆಂಟ್ ತೆಗೆಯೋಣ ಎನ್ನುವವರು. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಕಟ್ಟಿದ, ದಿನಕ್ಕೆ 300 ಟನ್ ಸುಡಬೇಕಿದ್ದ ಸ್ಥಾವರ ಕೆಲವೇ ವಾರಗಳಲ್ಲಿ ನಿಂತುಹೋಯಿತು. ನಮ್ಮ ಕಸ ಬಹುಪಾಲು ಅಡುಗೆಮನೆಯದು, ನೀರು ತುಂಬಿದ್ದು, ಅದು ಉರಿಯಲಿಲ್ಲ. 2016ರ ನಿಯಮ ಕೂಡ ಕೆ.ಜಿ.ಗೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖಮೌಲ್ಯವಿರುವ, ಮರುಬಳಕೆಯಾಗದ ಕಸದ ಬಗ್ಗೆಯಷ್ಟೇ ಈ ಮಾತಾಡಿತ್ತು. ಬಿಡದಿಯಲ್ಲಿ 11.5 ಮೆಗಾವಾಟ್‌ನ ಸ್ಥಾವರ ಎದ್ದಿದೆ, ಅದಕ್ಕೆ ದಿನಕ್ಕೆ 600 ಟನ್ ಕಸ ಬೇಕು. ಚೆನ್ನಾಗಿ ಉರಿಯುವ ಕಾಗದ, ರಟ್ಟು, ಪ್ಲಾಸ್ಟಿಕ್‌ಗಳೇ ಚಿಂದಿ ಆಯುವವರ ಅನ್ನ ಎಂಬುದು ಈ ವಾದದವರ ಲೆಕ್ಕಕ್ಕೆ ಬರುವುದಿಲ್ಲ. 2011ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಅವರು ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವಷ್ಟು ಬೆಳೆದರು. ಆ ದಾರಿಯನ್ನು ಬಿಟ್ಟು ಕುಲುಮೆ ಹಿಡಿಯುವುದು ಹಿಂದಡಿ.

ಹಾಗಾದರೆ ಮೈಸೂರಿನಲ್ಲಿ ಮೆಚ್ಚತಕ್ಕದ್ದು ಏನೂ ಇಲ್ಲವೇ? ಇದೆ. ಅದು ಕುಂಬಾರಕೊಪ್ಪಲಿನಲ್ಲಿದೆ. ಅಲ್ಲಿನ ಶೂನ್ಯ ತ್ಯಾಜ್ಯ ಘಟಕ ಅಕ್ಕಪಕ್ಕದ ವಾರ್ಡುಗಳ ಕಸವನ್ನು ಅಲ್ಲೇ ಬಿಚ್ಚಿ, ಒಣ ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ ಮಾರುತ್ತದೆ, ಹಸಿ ಕಸವನ್ನು ಗೊಬ್ಬರ ಮಾಡಿ ರೈತರಿಗೆ ಕೊಡುತ್ತದೆ. ದೂರದ ಗುಡ್ಡಕ್ಕೆ ಲಾರಿ ಓಡಿಸುವ ಖರ್ಚಿಲ್ಲ. ಕೆಲಸ ಕೈಯಿಂದ ನಡೆಯುವುದರಿಂದ ಗಾಜು, ಸೂಜಿ ಗೊಬ್ಬರಕ್ಕೆ ಬೀಳುವ ಮೊದಲೇ ಸಿಗುತ್ತವೆ. ಮೈಸೂರು ಮಾದರಿ ಎಂಬ ಮಾತಿಗೆ ಅರ್ಥವಿದ್ದರೆ ಇದೇ ಅದು. ಆದರೆ ದೇಶದ ಪಟ್ಟಿಯಲ್ಲಿ ಕೀರ್ತಿ ಹೋದದ್ದು ಅರಮನೆ ಸುತ್ತಲಿನ ಚೊಕ್ಕ ರಸ್ತೆಗಳಿಗೆ.

ಗುಡ್ಡವನ್ನು ನಂಬಿದವರಿಗೆ ಏನಾಗುತ್ತದೆ ಎಂಬುದಕ್ಕೆ ಮಂಗಳೂರು ಸಾಕ್ಷಿ. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು, ಮನೆಗಳನ್ನು ಮುಚ್ಚಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು.

ಹರಪನಹಳ್ಳಿಗೆ ಪಚ್ಚನಾಡಿಯಂಥ ಗುಡ್ಡ ಕಟ್ಟಿಕೊಳ್ಳುವ ಅಗತ್ಯವೇ ಇಲ್ಲ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 50 ಸಾವಿರ ಮುಟ್ಟಿರಲಿಲ್ಲ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಇನ್ನೂ ಚಿಕ್ಕವು. ಇಂಥ ಊರುಗಳಲ್ಲಿ ಒಂದೆರಡು ಕುಂಬಾರಕೊಪ್ಪಲು ಇದ್ದರೆ ಸಾಕು. ಕೊಟ್ಟೂರಿನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕದ ಹೊತ್ತಿಗೆ ಲಕ್ಷಾಂತರ ಜನ ಸೇರುವುದರಿಂದ ಆ ದಿನಗಳಿಗೆ ಬೇರೆ ಸಿದ್ಧತೆ ಬೇಕಾಗುತ್ತದೆ ನಿಜ. ವರ್ಷದ ಉಳಿದ ದಿನಗಳ ಕಸ ಈ ಊರುಗಳ ಕೈಮೀರಿದ್ದಲ್ಲ.

ಅಳತೆಗೋಲು ಬದಲಿಸಲು ದೆಹಲಿಗಾಗಿ ಕಾಯಬೇಕಿಲ್ಲ. ಪುರಸಭೆಗಳು ಪ್ರತಿ ಬಜೆಟ್ ಸಭೆಯಲ್ಲಿ ಮೂರು ಕಾಗದಗಳನ್ನು ಸದಸ್ಯರ ಮುಂದಿಡಲಿ: ಗೊಬ್ಬರದ ಪ್ರಯೋಗಾಲಯ ವರದಿ, ಅದನ್ನು ಕೊಂಡ ರೈತರ ಊರುವಾರು ರಸೀದಿ ಲೆಕ್ಕ, ಯಾವುದಕ್ಕೂ ಬಾರದೆ ಗುಂಡಿಗೆ ಹೋದ ಕಸದ ತೂಕ. ಮೂರನೆಯದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ, ಎರಡನೆಯದರಲ್ಲಿ ಹಿಂದಿನ ವರ್ಷ ಕೊಂಡವರೇ ಮತ್ತೆ ಬಂದಿದ್ದಾರೆಯೇ ಎಂದು ಸದಸ್ಯರು ಕೇಳಲಿ. ತೆಲಿಗಿಯ ರೈತ ಎರಡನೇ ಸಲ ಟ್ರ್ಯಾಕ್ಟರ್ ಕಳಿಸಿದ್ದರೆ ಆ ಪುರಸಭೆಯ ಕಸದ ಕೆಲಸ ಸರಿಯಾಗಿ ನಡೆದಿದೆ. ಕಳಿಸದಿದ್ದರೆ ಮುಂದಿನ ವರ್ಷದ ಹಣ ಟಿಪ್ಪರ್‌ಗೆ ಹೋಗುವ ಮೊದಲು ವಿಂಗಡಣೆಗೆ ಹೋಗಬೇಕು.