ಮಿರ್ಯಾಂಗಿನ ಬಿಸಿಲು

ಕೊರಿಯಾದ ಲೀ ಚಾಂಗ್-ಡಾಂಗ್ ಅವರ ‘ಸೀಕ್ರೆಟ್ ಸನ್‌ಶೈನ್’ (2007) ಚಿತ್ರವನ್ನು ಮೊದಲ ಸಲ ನೋಡಿದಾಗ ಅದು ದೇವರ ಮೇಲಿನ ಸಿಟ್ಟಿನ ಸಿನಿಮಾ ಅನ್ನಿಸಿತ್ತು. ಮೊನ್ನೆ ಮತ್ತೆ ನೋಡಿದೆ. ಆಗ ಎಷ್ಟು ಅವಸರದಲ್ಲಿ ತೀರ್ಪು ಕೊಟ್ಟಿದ್ದೆ ಎಂದು ನಾಚಿಕೆಯಾಯಿತು.

ಗಂಡನನ್ನು ಕಳೆದುಕೊಂಡ ಶಿನ್-ಎ ಪುಟ್ಟ ಮಗನ ಜೊತೆ ಸೋಲ್ ನಗರ ಬಿಟ್ಟು ಗಂಡನ ಹುಟ್ಟೂರು ಮಿರ್ಯಾಂಗಿಗೆ ಬರುತ್ತಾಳೆ. ಪಿಯಾನೋ ಪಾಠ ಶುರುಮಾಡುತ್ತಾಳೆ. ಹೊಸ ಊರಿನವರು ತನ್ನನ್ನು ಬಡಪಾಯಿ ಎಂದುಕೊಳ್ಳಬಾರದಲ್ಲ, ಕೈಯಲ್ಲಿ ದುಡ್ಡಿರುವವಳಂತೆ ಜಮೀನು ನೋಡುತ್ತ ಓಡಾಡುತ್ತಾಳೆ. ಆ ಸಣ್ಣ ಸುಳ್ಳನ್ನು ನಂಬಿ, ಮಗನಿಗೆ ಭಾಷಣ ಕಲಿಸುವ ಮೇಷ್ಟ್ರೇ ಹುಡುಗನನ್ನು ಅಪಹರಿಸಿ ಕೊಲ್ಲುತ್ತಾನೆ. ಕೊಲೆಯನ್ನು ನಮಗೆ ತೋರಿಸುವುದಿಲ್ಲ. ಅಂತ್ಯಕ್ರಿಯೆಯ ದಿನ ಅತ್ತೆ, ಮಗ ಸತ್ತರೂ ಇವಳ ಕಣ್ಣಲ್ಲಿ ನೀರಿಲ್ಲ ಎಂದು ಹಂಗಿಸುವುದನ್ನು ಮಾತ್ರ ತೋರಿಸುತ್ತಾರೆ. (ನಮ್ಮ ಕಡೆಯ ಸಾವಿನ ಮನೆಗಳಲ್ಲೂ ಯಾರು ಎಷ್ಟು ಅತ್ತರೆಂದು ಲೆಕ್ಕವಿಡುವವರು ಒಬ್ಬರಾದರೂ ಇರುತ್ತಾರೆ.)

ತಡೆದಿಟ್ಟ ಆ ಅಳು ಒಡೆಯುವುದು ಚರ್ಚಿನಲ್ಲಿ. ಅಲ್ಲಿಂದ ಅವಳಿಗೆ ನೆಮ್ಮದಿ ಸಿಗುತ್ತದೆ, ನಿಜವಾದ ನೆಮ್ಮದಿಯೇ. ನಿರ್ದೇಶಕರು ಅದನ್ನು ಗೇಲಿ ಮಾಡುವುದಿಲ್ಲ. ಕೊಲೆಗಾರನನ್ನು ಕ್ಷಮಿಸುತ್ತೇನೆಂದು ಹೂವು ಹಿಡಿದು ಜೈಲಿಗೆ ಹೋಗುತ್ತಾಳೆ. ಗಾಜಿನಾಚೆ ಅವನು ಶಾಂತನಾಗಿ ಕೂತಿದ್ದಾನೆ. ದೇವರು ತನ್ನನ್ನು ಆಗಲೇ ಕ್ಷಮಿಸಿದ್ದಾನೆ, ನಿಮಗಾಗಿಯೂ ಪ್ರಾರ್ಥಿಸುತ್ತಿದ್ದೇನೆ ಅನ್ನುತ್ತಾನೆ. ಹೊರಬಂದವಳು ಕುಸಿದು ಬೀಳುತ್ತಾಳೆ.

ಇದನ್ನೇ ನಾನು ನಾಸ್ತಿಕ ವಾದವೆಂದು ಓದಿಕೊಂಡಿದ್ದು. ಅಲ್ಲ. ಸತ್ತ ಮಗನಿಗಾಗಿ ತಾಯಿ ಮಾಡಬಹುದಾದ ಕೆಲಸ ಅದೊಂದೇ ಉಳಿದಿತ್ತು. ಅವನ ಪರವಾಗಿ ಕ್ಷಮಿಸುವುದು, ಇಲ್ಲವೇ ಕ್ಷಮಿಸದಿರುವುದು. ಅದನ್ನೂ ಅವಳನ್ನು ಕೇಳದೆ ಯಾರೋ ಮಾಡಿ ಮುಗಿಸಿಬಿಟ್ಟಿದ್ದರು.

ಚಿತ್ರಕ್ಕೆ ಆಧಾರವಾದ ಯಿ ಚಾಂಗ್-ಜುನ್ ಅವರ ‘ಹುಳುವಿನ ಕತೆ’ (1985) ಯಲ್ಲಿ ಗಂಡನೇ ನಿರೂಪಕ. ಕೊನೆಗೆ ಹೆಂಡತಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಸ್ವತಃ ಕಾದಂಬರಿಕಾರರಾಗಿದ್ದ ಲೀ ಗಂಡನನ್ನು ಮೊದಲೇ ತೆಗೆದುಹಾಕಿ, ಅವಳನ್ನು ಬದುಕಿಸಿದ್ದಾರೆ. ಈ ಬದಲಾವಣೆ ಸಣ್ಣದಲ್ಲ. ಅವಳ ದುಃಖಕ್ಕೆ ಈಗ ವಕೀಲರಿಲ್ಲ. ಜಿಯಾನ್ ದೊ-ಯಾನ್ ಅದನ್ನು ಮೈಯಲ್ಲೇ ಹೊತ್ತು ನಡೆಯುತ್ತಾರೆ. ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂದದ್ದು ಇದಕ್ಕೇ.

ನನ್ನ ತಕರಾರು ಒಂದಿದೆ. ಅವಳು ದೇವರ ಮೇಲೆ ಹಗೆ ಸಾಧಿಸುವ ಭಾಗದಲ್ಲಿ, ಔಷಧಿ ಅಂಗಡಿಯವಳ ಗಂಡನನ್ನು ಒಲಿಸಿಕೊಳ್ಳಲು ಹೋಗುವ ಸನ್ನಿವೇಶ ಲೆಕ್ಕಹಾಕಿ ಇಟ್ಟಂತಿದೆ. ಪ್ರಾರ್ಥನಾ ಸಭೆಯ ಧ್ವನಿವರ್ಧಕದಲ್ಲಿ ‘ಸುಳ್ಳು’ ಎಂಬ ಹಾಡು ಹಾಕಿಸುವುದೇ ಸಾಕಿತ್ತು. ಅಲ್ಲಿ ನಾನು ನಕ್ಕೆ, ಆಮೇಲೆ ಕಸಿವಿಸಿಯಾಯಿತು.

ಗ್ಯಾರೇಜಿನ ಜಾಂಗ್-ಚಾನ್ ಪಾತ್ರವನ್ನು ಈ ಸಲ ಹೆಚ್ಚು ಗಮನಿಸಿದೆ. ಸಾಂಗ್ ಕಾಂಗ್-ಹೊ ಮಾಡಿದ ಈ ಮನುಷ್ಯನಿಗೆ ಸಮಾಧಾನ ಹೇಳಲು ಬರುವುದಿಲ್ಲ. ಬೈದರೂ ನಾಲ್ಕು ಹೆಜ್ಜೆ ಹಿಂದೆ ಬರುತ್ತಲೇ ಇರುತ್ತಾನೆ. ಅವಳಿಗಾಗಿ ಚರ್ಚಿಗೆ ಸೇರಿದವನು, ಅವಳು ಬಿಟ್ಟ ಮೇಲೂ ಹೋಗುತ್ತಾನೆ.

ಕೊನೆಯಲ್ಲಿ ಕೂದಲು ಕತ್ತರಿಸಲು ಬಂದ ಹುಡುಗಿ ಕೊಲೆಗಾರನ ಮಗಳು. ಶಿನ್-ಎ ಅರ್ಧಕ್ಕೇ ಎದ್ದು ಮನೆಗೆ ಬಂದು, ಅಂಗಳದಲ್ಲಿ ತಾನೇ ಕತ್ತರಿ ಹಿಡಿಯುತ್ತಾಳೆ. ಜಾಂಗ್-ಚಾನ್ ಕನ್ನಡಿ ಹಿಡಿದು ನಿಲ್ಲುತ್ತಾನೆ. ಆಕಾಶದಿಂದ ಶುರುವಾಗಿದ್ದ ಕ್ಯಾಮೆರಾ ಈಗ ಮೆಲ್ಲಗೆ ಪಕ್ಕಕ್ಕೆ ಸರಿದು, ಕೊಳಕು ನೆಲದ ಮೇಲೆ ಬಿದ್ದ ಒಂದು ತುಂಡು ಬಿಸಿಲನ್ನು ನೋಡುತ್ತ ನಿಲ್ಲುತ್ತದೆ.