ಮಾಣಿಗೆ ಮಾತ್ರೆ, ದೊಡ್ಡವರಿಗೆ ನಗೆ

1998ರಿಂದ 2000ದೊಳಗೆ ಅಮೆರಿಕದ ಮೂರು ಹೆಸರಾಂತ ಕಾರ್ಟೂನ್ ಸರಣಿಗಳು ಒಂದೇ ವಸ್ತುವಿನ ಬೆನ್ನು ಹತ್ತಿದವು: ಕೂತಲ್ಲಿ ಕೂರದ ಮಗುವಿಗೆ ಶಾಲೆಯವರು ಕೊಡಿಸುವ ಮಾತ್ರೆ. ‘ಕಿಂಗ್ ಆಫ್ ದ ಹಿಲ್’ನ ಬಾಬಿ ಸಕ್ಕರೆ ಸುರಿದ ತಿಂಡಿ ತಿಂದು ಕುಣಿದದ್ದೇ ರೋಗವಾಯಿತು. ‘ಸಿಂಪ್ಸನ್ಸ್’ನ ಬಾರ್ಟ್ ಶಾಲೆಯ ಜಿಮ್ಮಿಗೆ ನೀರು ನುಗ್ಗಿಸಿ, ‘ಫೋಕಸಿನ್’ ಎಂಬ ಕಲ್ಪಿತ ಔಷಧಕ್ಕೆ ಬಲಿಯಾದ. ‘ಸೌತ್ ಪಾರ್ಕ್’ನಲ್ಲಂತೂ ‘ದ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯನ್ನು ಇಡಿಯಾಗಿ ಓದಿ ಹೇಳಿ, ಗಮನವಿಟ್ಟು ಕೇಳದ ಮಕ್ಕಳಿಗೆಲ್ಲ ರಿಟಾಲಿನ್ ಬರೆದುಕೊಟ್ಟರು. ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಪುಟ್ಟ ಪರಂಪರೆಯೇ ಕಾಣುತ್ತದೆ. ನಮ್ಮ ಕರಾವಳಿಯ ಕೋಟದ ಕಡೆಯ ನೋಡುಗನಿಗೆ ಇದರಲ್ಲಿ ನಗು ಬರುತ್ತದೆ, ಆದರೆ ಅದು ನಿರ್ದೇಶಕರು ಬಯಸಿದ ಜಾಗದಲ್ಲೇ ಬರುತ್ತದೆಂದು ಹೇಳಲಾರೆ.

ಆ ಮೂರು ವರ್ಷಗಳಿಗೆ ಹಿನ್ನೆಲೆಯಿದೆ. ಚುರುಕುಗೊಳಿಸುವ ಔಷಧ ಚಡಪಡಿಸುವ ಮಕ್ಕಳನ್ನು ಶಾಂತಗೊಳಿಸುತ್ತದೆ ಎಂಬ ವಿಚಿತ್ರವನ್ನು ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 1937ರಲ್ಲೇ ಗುರುತಿಸಿದ್ದ. ಸೀಬಾ ಕಂಪನಿಯ ರಸಾಯನತಜ್ಞ ಪನಿಜೋನ್ 1944ರಲ್ಲಿ ಮಿಥೈಲ್‌ಫೆನಿಡೇಟ್ ತಯಾರಿಸಿದ. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಗಿ 1954ರಲ್ಲಿ ಪೇಟೆಗೆ ಬಂತು. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಅದರ ಬಳಕೆ ಏರುತ್ತ ಹೋಯಿತು. 1997ರಲ್ಲಿ ವೈದ್ಯರ ಚೀಟಿಯ ಔಷಧಗಳನ್ನು ಟಿವಿಯಲ್ಲಿ ಜಾಹೀರು ಮಾಡುವ ನಿಯಮವೂ ಸಡಿಲಗೊಂಡಿತು. ಕಾರ್ಟೂನುಗಳ ಸಿಟ್ಟು ಹುಟ್ಟಿದ್ದು ಈ ಸಂತೆಯಲ್ಲಿ. ನಮ್ಮಲ್ಲಿ ಆ ಔಷಧ ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲಿದೆ, ಟಿವಿಯಲ್ಲಿ ಅದರ ಜಾಹೀರಾತಿಲ್ಲ. ನಮ್ಮ ಮನೆಗಳಲ್ಲಿ ಬುದ್ಧಿ ಚುರುಕಾಗಲಿ ಎಂದು ತಿನ್ನಿಸುವುದು ಒಂದೆಲಗದ ಚಟ್ನಿ.

‘ಸೌತ್ ಪಾರ್ಕ್’ನ ಗ್ಯಾಟ್ಸ್‌ಬಿ ಪರೀಕ್ಷೆ ಈ ಪರಂಪರೆಯ ಅತ್ಯುತ್ತಮ ವ್ಯಂಗ್ಯ. ಯಾವ ಅಳತೆಗೋಲಿನಲ್ಲಿ ಅಳೆದರೂ ಮಗು ಸೋಲುವಂತೆ ಮಾಡಿ, ಸೋಲನ್ನೇ ರೋಗವೆನ್ನುವ ಶಾಲೆಯನ್ನು ಅದು ಒಂದೇ ಏಟಿಗೆ ಕೆಡಹುತ್ತದೆ. ಆದರೆ ಅದೇ ಕಂತು ಔಷಧವಿಲ್ಲದ ಚಿಕಿತ್ಸೆ ಎಂದು ತೋರಿಸುವುದೇನು? ಮಗುವಿಗೆ ಬಾರಿಸಿ, ಕೂತು ಓದು ಎಂದು ಗದರಿಸುವುದು. ಅಲ್ಲಿನ ನೋಡುಗನಿಗೆ ಇದು ವಿಪರೀತದ ಹಾಸ್ಯ. ನಾಗರಬೆತ್ತ ಕಂಡ ತಲೆಮಾರಿನ ನಮಗೆ ಇದು ಹಾಸ್ಯವಲ್ಲ, ದಿನಚರಿಯ ವರದಿ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಹೊಡೆತವನ್ನು ನಿಷೇಧಿಸಿದ್ದೇ ಅದಕ್ಕಾಗಿ. ಮಾತ್ರೆಯನ್ನು ಹೀಯಾಳಿಸುವ ಭರದಲ್ಲಿ ಬೆತ್ತಕ್ಕೆ ಚಪ್ಪಾಳೆ ಗಿಟ್ಟಿಸಿಕೊಟ್ಟದ್ದು ಈ ಕಂತಿನ ಸೋಲು.

‘ಸಿಂಪ್ಸನ್ಸ್’ ಹೆಚ್ಚು ಪ್ರಾಮಾಣಿಕ. ಫೋಕಸಿನ್ ನುಂಗಿದ ಬಾರ್ಟ್ ಮೊದಲು ಆದರ್ಶ ವಿದ್ಯಾರ್ಥಿಯಾಗುತ್ತಾನೆ, ಆಮೇಲೆ ಬೇಸ್‌ಬಾಲ್ ಸಂಸ್ಥೆ ತಮ್ಮೆಲ್ಲರ ಮೇಲೆ ಉಪಗ್ರಹದಿಂದ ಕಣ್ಣಿಟ್ಟಿದೆ ಎಂದು ಹುಚ್ಚೆದ್ದು ಆ ಉಪಗ್ರಹವನ್ನು ಹೊಡೆದುರುಳಿಸುತ್ತಾನೆ. ಹುಚ್ಚೆಂದುಕೊಂಡದ್ದು ನಿಜವಾಗಿಬಿಡುತ್ತದೆ. ಕೊನೆಗೆ ತಾಯಿ ಅವನನ್ನು ಮಾತ್ರೆಯಿಂದ ಬಿಡಿಸುವುದಿಲ್ಲ, ಹಳೆಯ ರಿಟಾಲಿನ್‌ಗೆ ಮರಳಿಸುತ್ತಾಳೆ. ಆ ಮನೆಗೆ ಮಾತ್ರೆ ಬೇಕಿತ್ತು ಎಂಬ ಅಹಿತಕರ ಸತ್ಯವನ್ನು ಕಂತು ನುಂಗಿಕೊಂಡಿದೆ. ಕಾಕತಾಳೀಯವೆಂಬಂತೆ ಈ ಕಂತು ಬಂದ 1999ರಲ್ಲೇ, ಇಂಥ ಚಡಪಡಿಕೆಯ 579 ಮಕ್ಕಳನ್ನು ಹದಿನಾಲ್ಕು ತಿಂಗಳು ಗಮನಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಮುಖ್ಯ ಲಕ್ಷಣಗಳ ಮಟ್ಟಿಗೆ, ಬರಿಯ ನಡವಳಿಕೆ ತರಬೇತಿಗಿಂತ ಎಚ್ಚರದಿಂದ ಕೊಟ್ಟ ಔಷಧವೇ ಮೇಲೆಂದು ಅದು ಹೇಳಿತು. ಈ ಪರಂಪರೆಯಲ್ಲಿ ಅಂಥ ಮಗುವಿಗೆ ಜಾಗವಿಲ್ಲ. ಮಾತ್ರೆಯಿಂದ ಉಪಕಾರವಾದ ಮಗು ನಗೆಗೆ ಒದಗುವುದಿಲ್ಲವಲ್ಲ.

ನನ್ನ ದೊಡ್ಡ ತಕರಾರು ದನಿಯದು. ಬಾರ್ಟ್‌ನ ದನಿ ನ್ಯಾನ್ಸಿ ಕಾರ್ಟ್‌ರೈಟ್ ಎಂಬ ನಟಿಯದು. ‘ಸೌತ್ ಪಾರ್ಕ್’ನ ಪೋರರ ದನಿ ಬಹುಮಟ್ಟಿಗೆ ಅದರ ನಿರ್ಮಾತೃಗಳದೇ. ಕುಂದಾಪುರದ ಪಕ್ಕದ ಉಪ್ಪಿನಕುದ್ರಿನಲ್ಲಿ ಕೊಗ್ಗ ಕಾಮತರ ಮನೆತನ ಕಾಪಾಡಿಕೊಂಡು ಬಂದ ಯಕ್ಷಗಾನ ಗೊಂಬೆಯಾಟವನ್ನು ಬಲ್ಲವರಿಗೆ ಇದು ಹೊಸದಲ್ಲ: ದಾರವೂ ದೊಡ್ಡವರ ಕೈಯಲ್ಲಿ, ಮಾತೂ ದೊಡ್ಡವರ ಬಾಯಲ್ಲಿ. ಆದರೆ ಉಪ್ಪಿನಕುದ್ರಿನ ಗೊಂಬೆ ತಾನು ಮಗುವೆಂದು ಹೇಳಿಕೊಳ್ಳುವುದಿಲ್ಲ, ರಾಜನೋ ರಕ್ಕಸನೋ ಆಗಿ ಕುಣಿಯುತ್ತದೆ. ಕಾರ್ಟೂನು ಮಗುವಿನ ಪರ ವಕಾಲತ್ತು ವಹಿಸಿದಂತೆ ನಟಿಸುತ್ತದೆ.

1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಕಟ್ಟಿದ ಯಕ್ಷಗಾನ ತಂಡ ಸಾಲಿಗ್ರಾಮ ಮಕ್ಕಳ ಮೇಳ ಇದಕ್ಕೆ ಎದುರು ಉದಾಹರಣೆ. ಅಲ್ಲಿ ಮಕ್ಕಳೇ ವೇಷ ಕಟ್ಟಿದರು, ಮಕ್ಕಳೇ ಅರ್ಥ ಹೇಳಿದರು. ಯಕ್ಷಗಾನ ಚಡಪಡಿಕೆಗೆ ಮದ್ದು ಎಂದು ಹೇಳಿ ಇನ್ನೊಂದು ಗುಳಿಗೆ ಮಾರುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಪ್ರಸಂಗ ದೊಡ್ಡವರದು, ತಾಳ ತಪ್ಪಿದರೆ ಗದರುವವರೂ ದೊಡ್ಡವರೇ. ಆದರೂ ರಂಗದ ಮೇಲೆ ಬಾಯಿ ಬಿಡುವುದು ಮಾಣಿಯೇ.

ನಮ್ಮ ಹಾಸ್ಯವನ್ನೂ ಇಲ್ಲಿ ಸುಮ್ಮನೆ ಬಿಡುವಂತಿಲ್ಲ. ‘ಚಂದ್ರಾವಳಿ’ ಯಕ್ಷಗಾನ ಪ್ರಸಂಗದ ಚಂದಗೋಪನಾಗಿ ಕುಂಜಾಲು ರಾಮಕೃಷ್ಣರಂಥ ಹಾಸ್ಯಗಾರರು ನಗಿಸಿದ್ದು ಅಧಿಕಾರಕ್ಕೂ ಪೆದ್ದುತನಕ್ಕೂ ಏಕಕಾಲಕ್ಕೆ ಕುಟುಕುವ ಹಾಸ್ಯದಿಂದ. ಅದರ ಜೊತೆಗೇ ತೊದಲನ್ನೂ ಕುಂಟನ್ನೂ ಹಂಗಿಸುವ ಸುಲಭದ ಹಾಸ್ಯವೂ ನಮ್ಮ ರಂಗದಲ್ಲಿದೆ. ತುಂಟ ಕೃಷ್ಣನಿಗೆ ಬೆಳಗಿನ ಜಾವದವರೆಗೂ ಮೆಚ್ಚುಗೆ ಸುರಿಸುವ ಅದೇ ಸಭೆ, ಮನೆಗೆ ಬಂದ ಮೇಲೆ ‘ಮಾಣಿ ಒಂದ್ ಗಳ್ಗಿ ಕೂಕಂತಿಲ್ಲ’ ಎಂದು ಕೈ ಎತ್ತುತ್ತದೆ. ತುಂಟತನ ಸಲ್ಲುವುದು ದೇವರಿಗೆ ಮಾತ್ರ!

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. (ಅದನ್ನು ಹಿಡಿದು ಅವರಿಗೊಂದು ರೋಗದ ಹೆಸರು ಅಂಟಿಸುವ ಚಪಲ ಯಾರಿಗೂ ಬೇಡ.) ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಕುತೂಹಲವನ್ನೇ ಪಾಠ ಮಾಡಿಕೊಂಡು ಕಲಿಸಲು ನೋಡಿದರು. ಅವರ ಹುಟ್ಟೂರಿನ ಜಿಲ್ಲೆ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು. ಹೆಮ್ಮೆಯ ಮಾತೇ ಹೌದು. ಆದರೆ ಅಂಥ ಜಿಲ್ಲೆಯ ತರಗತಿಯಲ್ಲಿ ಮೂರನೇ ಬೆಂಚಿನ ಚಡಪಡಿಕೆಗೆ ಸಿಗುವುದು ಪೋಕರಿ ಎಂಬ ಬಿರುದು. ಮಣಿಪಾಲದ ತಜ್ಞರವರೆಗೆ ತಲುಪುವ ಮಗುವಿಗಿಂತ, ತಲುಪದೆ ಪೆಟ್ಟು ತಿನ್ನುವ ಮಗುವಿನ ಬಗ್ಗೆ ನನಗೆ ಹೆಚ್ಚು ಕಳವಳ. ಅಮೆರಿಕದ ವ್ಯಂಗ್ಯವನ್ನು ಹಾಗೆಯೇ ಎತ್ತಿಕೊಂಡು ‘ಮಾತ್ರೆಯೆಲ್ಲ ಮೋಸ’ ಎಂದು ಇಲ್ಲಿ ನಕ್ಕರೆ, ಆ ನಗು ಬೆತ್ತದ ಪಕ್ಷಕ್ಕೇ ಸೇರುತ್ತದೆ.

ಪ್ರಸಂಗಕರ್ತರಲ್ಲಿ, ಹಾಸ್ಯಗಾರರಲ್ಲಿ, ಈಗ ಕಂಪ್ಯೂಟರಿನಲ್ಲಿ ಚಿತ್ರ ಕುಣಿಸುವ ನಮ್ಮೂರ ಹುಡುಗರಲ್ಲಿ ಒಂದು ಕೇಳಿಕೆ: ಈ ವಸ್ತುವನ್ನು ಎತ್ತಿಕೊಳ್ಳಿ, ವೈದ್ಯನನ್ನೂ ಮೇಷ್ಟ್ರನ್ನೂ ಅಪ್ಪ ಅಮ್ಮನನ್ನೂ ಬಿಡಬೇಡಿ. ಮಾಣಿಯ ಮಾತನ್ನು ಮಾತ್ರ ನೀವೇ ಹೆಣೆಯಬೇಡಿ, ಅವನನ್ನೇ ಕೇಳಿ ಬರೆದುಕೊಳ್ಳಿ.